ಲಂಡನ್ ವಿಮಾನದಲ್ಲಿ ಮುಳುಗದ ಸೂರ್ಯ

"ಸೂರ್ಯ ಮುಳುಗ್ಲೇ ಇಲ್ಲ ಅಂತೀನಿ!"

ಪುಟ್ಟಪ್ಪ ಜಗಲಿಯ ಮೇಲೆ ನಿಂತು ಎರಡೂ ಕೈ ಚಾಚಿದ. ಆ ಕ್ಷಣಕ್ಕೆ ಅವನೇ ವಿಮಾನ.

"ಲಂಡನ್ನಲ್ಲಿ ಬೆಳಿಗ್ಗೆ ಹತ್ತಿದ್ದು. ಹಾರ್ತಾ ಇದೆ, ಹಾರ್ತಾ ಇದೆ, ಸೂರ್ಯ ಮಾತ್ರ ಇಳಿಯಕ್ಕೇ ಒಲ್ಲೆ ಅಂತಾನೆ. ನಡುವೆ ಕೈರೋ ಅಂತ ಒಂದು ಊರು, ಅಲ್ಲಿ ಎಣ್ಣೆ ಹಾಕ್ಸಿದ್ರು. ಮತ್ತೆ ಹಾರಿದ್ವಿ. ಆಗ್ಲೂ ಬಿಸ್ಲು! ಬೊಂಬಾಯಲ್ಲಿ ಇಳಿದ್ರೆ ಅಲ್ಲೂ ಬಿಸ್ಲು!"

"ನಮ್ಮಪ್ಪಾ!" ಎಂದಳು ಹಾಲಮ್ಮ. ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಗೆರೆ ಎಳೆಯುತ್ತಿದ್ದ ಅವಳ ಕೈಯಲ್ಲಿ ಪುಂಡಿನಾರಿನ ಕುಂಚ ಹಾಗೇ ನಿಂತಿತು. "ಹಂಗಾರೆ ದೀಪ ಹಚ್ಚೋ ಹೊತ್ತೇ ಇಲ್ವೇನೋ ಅಲ್ಲಿ?"

"ಇಲ್ಲಕ್ಕಾ. ಇಳಿದ ಕೂಡ್ಲೇ ಗಡಿಯಾರದ ಮುಳ್ಳನ್ನ ಐದು ಗಂಟೆ ಹಿಂದಕ್ಕೆ ತಿರುಗಿಸ್ಬೇಕು. ಇಲ್ಲಾಂದ್ರೆ ಉಣ್ಣೋ ಹೊತ್ತಿಗೆ ನಿದ್ದೆ, ನಿದ್ದೆ ಹೊತ್ತಿಗೆ ಹಸಿವು."

ಈ ಕಥೆಯನ್ನು ಅವನು ನಿಟ್ಟೂರಿನಲ್ಲಿ ಎಷ್ಟು ಸಲ ಹೇಳಿದ್ದನೋ, ಹಾಲಮ್ಮ ಅಷ್ಟೂ ಸಲ ಬಾಯಿ ಬಿಟ್ಟುಕೊಂಡು ಕೇಳಿದ್ದಳು. ಹದಿನೆಂಟು ವರ್ಷದ ಹಿಂದೆ ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಕಳೆದುಹೋದ ತಮ್ಮ, ಲಂಡನ್ನಿನಿಂದ ತಂತಿ ಬಂದ ಬೆನ್ನಿಗೇ, ಎಂಟು ದಿನದ ಹಿಂದೆ ಬೂಟು ಹಾಕಿಕೊಂಡು ಬಾಗಿಲಿಗೆ ಬಂದರೆ ಯಾವ ಅಕ್ಕನಾದರೂ ಹಾಗೇ ಕೇಳುತ್ತಾಳೆ.

ಕೇಳಿಯೂ ಕೇಳದವರ ಹಾಗೆ ಕೂತಿದ್ದವರು ಇಬ್ಬರು. ಒಬ್ಬ ಹುಲಿಯಪ್ಪ, ಹಾಲಮ್ಮನ ಚಿಕ್ಕಪ್ಪನ ಮಗ. ಇನ್ನೊಬ್ಬರು ಅವನೇ ಸಾಗರದಿಂದ ಕರೆಸಿದ್ದ ಪತ್ತೇದಾರ ನಾರಾಯಣಮೂರ್ತಿ ಭಟ್ಟರು.

ನಾರಾಯಣಮೂರ್ತಿಗಳು ಪೋಲೀಸು ಇಲಾಖೆಯಿಂದ ನಿವೃತ್ತರಾಗಿ ಸಾಗರದಲ್ಲಿ ನೆಲೆಸಿದವರು. ನಿವೃತ್ತಿಯಾದ ಮೇಲೂ ಜನ ಬಿಡಲಿಲ್ಲ, ಅವರಿಗೂ ಬಿಡುವ ಮನಸ್ಸಿರಲಿಲ್ಲ. ಜೊತೆಗೆ ಯಾವತ್ತೂ ಹೆಂಡತಿ ಲಕ್ಷ್ಮಿ. ಯಾಕೆಂದರೆ ಹಳೇ ಲ್ಯಾಂಡ್‌ಮಾಸ್ಟರ್ ಕಾರು ಓಡಿಸುವುದು ಅವರೇ. ಜೀವಮಾನವೆಲ್ಲ ಕಳ್ಳರನ್ನು ಹಿಡಿದ ಗಂಡನಿಗೆ ಸ್ಟೇರಿಂಗ್ ಹಿಡಿಯುವುದು ಮಾತ್ರ ಒಲಿಯಲಿಲ್ಲ.

"ಭಟ್ರೇ, ಏನಾದ್ರೂ ಸಿಕ್ತಾ?" ಹುಲಿಯಪ್ಪ ಪಿಸುಗುಟ್ಟಿದ. "ನಾಳೆ ಬೆಳಗಾದ್ರೆ ಹುಣ್ಣಿಮೆ."

ಭೂಮಿ ಹುಣ್ಣಿಮೆಯ ದಿನ ಬೆಳಕು ಹರಿಯುವ ಮುಂಚೆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ತೆನೆ ಹೊತ್ತ ಬಸುರಿ ಭೂಮಿಗೆ ಬಯಕೆ ಉಣ್ಣಿಸಬೇಕು. ಹಾಲಮ್ಮನ ಮನೆಯಲ್ಲಿ ಆ ಬುಟ್ಟಿ ಯಾರ ತಲೆ ಮೇಲೇರುತ್ತದೋ ಅವನೇ ಗದ್ದೆಯ ಯಜಮಾನ. ಅವಳ ಅಪ್ಪ ಸಾಯುವಾಗ ಹೇಳಿಹೋದ ಮಾತು ಅದು, ಊರೆಲ್ಲ ಬಲ್ಲದ್ದು. ತಮ್ಮನಿಲ್ಲದ ವರ್ಷಗಳಲ್ಲಿ ಹುಲಿಯಪ್ಪ ಹೊತ್ತಿದ್ದ, ಗದ್ದೆಯನ್ನೂ ಅವನೇ ಉತ್ತಿದ್ದ. ಈ ಸಲ ಬುಟ್ಟಿ ಪುಟ್ಟಪ್ಪನಿಗೆ ಎಂದು ಹಾಲಮ್ಮ ಹೇಳಿಯಾಗಿತ್ತು.

"ಇವ ಪುಟ್ಟಪ್ಪ ಹೌದೇ ಆದ್ರೆ ನಾನೇ ಬುಟ್ಟಿ ಎತ್ತಿ ಅವನ ತಲೆ ಮೇಲೆ ಇಡ್ತೀನಿ," ಎಂದ ಹುಲಿಯಪ್ಪ. "ಅಲ್ದಿದ್ರೆ? ಅಕ್ಕಂಗೆ ಗದ್ದೆನೂ ಹೋಯ್ತು, ತಮ್ಮನೂ ಹೋದ. ಆಮೇಲೆ ಅವಳು ಬದುಕೋದಿಲ್ಲ ಭಟ್ರೇ."

ಮಾತಿನಲ್ಲಿ ಗದ್ದೆಯ ಆಸೆ ಎಷ್ಟಿತ್ತೋ ಅಕ್ಕನ ಚಿಂತೆಯೂ ಅಷ್ಟೇ ಇತ್ತು. ಮನುಷ್ಯರು ಹಾಗೇ, ಎರಡನ್ನೂ ಒಂದೇ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ.

ನಾರಾಯಣಮೂರ್ತಿಗಳ ಮುಖ ಸಪ್ಪಗಿತ್ತು. ಅವರು ಸುಮ್ಮನೆ ಕೂತವರಲ್ಲ. ಸಾಗರದ ಪೋಸ್ಟಾಫೀಸಿನಿಂದ ಬೊಂಬಾಯಿಯ ವಿಮಾನ ಕಂಪನಿಗೆ ಟ್ರಂಕ್ ಕಾಲ್ ಮಾಡಿ ವಿಚಾರಿಸಿದ್ದರು. ಅವರು ಕೂಗಿದ ಕೂಗಿಗೆ ಪೇಟೆಯ ಅರ್ಧ ಜನಕ್ಕೆ ಲಂಡನ್ನಿನ ದೂರ ಬಾಯಿಪಾಠವಾಗಿತ್ತು. ನಾಲ್ಕೂವರೆ ಸಾವಿರ ಮೈಲಿ. ನಡುವೆ ಇಳಿದು ಹತ್ತುವುದೂ ಸೇರಿ ಹನ್ನೆರಡು ಹದಿಮೂರು ಗಂಟೆ ಪ್ರಯಾಣ. ಎರಡು ಊರಿನ ಗಡಿಯಾರಗಳ ನಡುವೆ ಸುಮಾರು ಐದು ಗಂಟೆ ಅಂತರ.

ಪುಟ್ಟಪ್ಪ ಹೇಳಿದ್ದೂ ಅದನ್ನೇ. ಮೈಲಿ ಸರಿ, ಗಂಟೆ ಸರಿ, ಕೈರೋ ಕೂಡ ಸರಿ. ಸುಳ್ಳು ಹೇಳುವವನು ಎಲ್ಲಾದರೂ ಒಂದು ಕಡೆ ಜಾರಬೇಕಲ್ಲ!

ಅವರ ಕಣ್ಣು ಜಗಲಿಯನ್ನೆಲ್ಲ ಒಂದು ಸುತ್ತು ಹಾಕಿತು. ಪುಟ್ಟಪ್ಪನ ಬೂಟು ಹೊಸದು. ಮನೆಯೊಳಗೆ ಬಂದರೂ ಕಳಚುವುದಿಲ್ಲ, ಲಂಡನ್ನಿನ ಅಭ್ಯಾಸ ಎನ್ನುತ್ತಾನೆ. ಆದರೆ ಯಾರೂ ನೋಡದಿದ್ದಾಗ ಹಿಮ್ಮಡಿ ಹೊರಗೆಳೆದು ಉಸ್ಸೆನ್ನುತ್ತಾನೆ. ಚೀಲ ಬೊಂಬಾಯಿಯಲ್ಲೇ ಕಳುವಾಯಿತಂತೆ.

ಇನ್ನೊಂದು ವಿಚಿತ್ರವೂ ಕಂಡಿತು. ಜಗಲಿಯ ನಡುಗಂಬಕ್ಕೆ ಒಂದು ಲಾಟೀನು ನೇತಾಡುತ್ತಿತ್ತು. ಹಳೆಯದು, ಆದರೂ ತಿಕ್ಕಿ ತಿಕ್ಕಿ ಫಳಫಳ ಹೊಳೆಯುತ್ತಿತ್ತು. ಅದಕ್ಕೆ ಗಾಜೇ ಇರಲಿಲ್ಲ. ಹಚ್ಚಲಾಗದ ಲಾಟೀನನ್ನು ಯಾರು ಇಷ್ಟು ಮುತುವರ್ಜಿಯಿಂದ ತಿಕ್ಕುತ್ತಾರೆ?

"ಇಲ್ಲಿ ಬನ್ನಿ ಒಂಚೂರು," ಹಿತ್ತಲಿನಿಂದ ಲಕ್ಷ್ಮಿಯ ಕೂಗು ಬಂತು. "ಕೊಡಪಾನ ಎತ್ತಿ ಕೊಡಿ."

"ಎಂಗೆ ಬೆನ್ನು ನೋವು ಇದ್ದು," ಎಂದರು ಅವರೂ ಮನೆಮಾತಿನಲ್ಲೇ.

"ಆ ಬೆನ್ನನ್ನೂ ತಗಂಡೇ ಬನ್ನಿ."

ನಾರಾಯಣಮೂರ್ತಿ ಎದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಧ್ವನಿಗೆ ಎದುರು ಹೇಳಿ ಗೆದ್ದ ದಾಖಲೆ ಅವರದಿರಲಿಲ್ಲ.

ಬಾವಿಕಟ್ಟೆಯ ಹತ್ತಿರ ಕೊಡಪಾನವೇ ಇರಲಿಲ್ಲ. ಲಕ್ಷ್ಮಿ ಹೀರೇಕಾಯಿಯ ಸಿಪ್ಪೆ ಸೆರಗಿನಿಂದ ಕೊಡವುತ್ತಾ ನಿಂತಿದ್ದರು.

"ಒಂದು ಮಾತು ಕೇಳ್ತಿ. ನಮ್ಮ ಕಡೆ ಮಳೆ ಎತ್ಲಾಗಿಂದ ಬತ್ತು?"

"ಪಡುವಲಿಂದ. ಕೊಡಚಾದ್ರಿ ಬದಿಯಿಂದ. ಎಂತಕ್ಕೆ?"

"ಮಳೆ ಬಪ್ಪದು ಕಂಡು ನಾವು ಮೂಡಲಾಗಿ ಓಡಿದ್ರೆ?"

"ಒದ್ದೆ ಅಪ್ಪದು ತಡ ಆಗ್ತು. ಮಳೆ ನಮ್ಮ ಹಿಂದೆ ಬರಕಾಗ್ತಲ."

"ಪಡುವಲಾಗಿ ಓಡಿದ್ರೆ?"

"ಮಳೆಗೆ ಎದುರು ಹೋದಾಂಗೆ. ಬೇಗ ಒದ್ದೆ. ಅಲ್ದೇ, ನಿಂಗೆ ಇವತ್ತು ಎಂತ ಆತು?"

"ರಾತ್ರಿ ಎತ್ಲಾಗಿಂದ ಬತ್ತು?"

ನಾರಾಯಣಮೂರ್ತಿಗಳು ಬಾನಿನ ಕಡೆ ನೋಡಿದರು. ಸಂಜೆ ಹೊತ್ತು ಮೊದಲು ಕತ್ತಲಾಗುವುದು ಮೂಡಲ ಬಾನು. ಬೆಳಕು ಕಡೆಗೆ ಉಳಿಯುವುದು ಪಡುವಲಲ್ಲಿ.

"ರಾತ್ರಿ ಮೂಡಲಿಂದ ಬತ್ತು," ಎಂದರು ನಿಧಾನಕ್ಕೆ.

"ಲಂಡನ್ ಎತ್ಲಾಗಿದ್ದು?"

"ಪಡುವಲಲ್ಲಿ."

"ಅಲ್ಲಿಂದ ಇಲ್ಲಿಗೆ ಬಪ್ಪವ?"

ಪತ್ತೇದಾರರು ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. "ರಾತ್ರಿಗೆ ಎದುರಾಗಿ ಬತ್ತ. ಅವಂಗೆ ಬೇಗ ಕತ್ತಲಾಗವು. ಬೆಳಿಗ್ಗೆ ಹತ್ತಿದ್ರೆ ಅರ್ಧ ದಾರಿಗೇ ಸೂರ್ಯ ಮುಳುಗವು. ಬೊಂಬಾಯಿಗೆ ಬಂದಿಳಿವಾಗ ಸರಿರಾತ್ರಿ ದಾಟಿರವು!"

"ಹಗಲು ಮುಗಿಯದೇ ಇಪ್ಪದು ಸೂರ್ಯನ ಬೆನ್ನು ಹಿಡಿದು ಪಡುವಲಾಗಿ ಹೋಪವಂಗೆ. ಗಡಿಯಾರವೂ ಹಾಂಗೇಯ. ಇಲ್ಲಿಂದ ಅಲ್ಲಿಗೆ ಹೋದವ ಹಿಂದೆ ತಿರುಗ್ಸವು, ಅಲ್ಲಿಂದ ಬಂದವ ಮುಂದೆ ತಿರುಗ್ಸವು. ಅವ ಹೇಳ್ತಾ ಇಪ್ಪದು ಹೋಪ ಕಥೆ. ಬಪ್ಪ ಕಥೆ ಅಲ್ಲ."

ಮೈಲಿಯೂ ಗಂಟೆಯೂ ಹೋಗಲಿಕ್ಕೂ ಬರಲಿಕ್ಕೂ ಒಂದೇ. ಅದಕ್ಕೇ ಲೆಕ್ಕ ಸರಿಬಂದಿತ್ತು. ಹೋದವರು ಯಾರೋ ಹೇಳಿದ್ದನ್ನು ಕೇಳಿಸಿಕೊಂಡು, ಬಂದವನ ಹಾಗೆ ಹೇಳಿದ್ದಾನೆ. ವಿಮಾನದ ಮೆಟ್ಟಿಲನ್ನೂ ಕಂಡವನಲ್ಲ!

"ನೀ ಇಲ್ದಿದ್ರೆ ಎನ್ನ ಗತಿ ಎಂತ ಮಾರಾಯ್ತಿ," ಎಂದರು ನಾರಾಯಣಮೂರ್ತಿ. ಅದು ತಮಾಷೆಯ ಮಾತಾಗಿರಲಿಲ್ಲ.

"ಗೊತ್ತಿದ್ದು. ಮೀಸೆ ಒರ್ಸಿಕೊಳಿ, ಅವಲಕ್ಕಿ ಅಂಟಿದ್ದು."

ಅವರು ಮೀಸೆ ಒರೆಸಿಕೊಂಡರೂ ಏಳಲಿಲ್ಲ. "ಹಾಲಮ್ಮನ ಮೋರೆ ನೋಡಿದ್ಯಾ? ಹಬ್ಬ ಅಂದ್ರೆ ಆ ಮೋರೆ."

"ನೋಡಿದ್ದಿ. ಅದಕ್ಕೇ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದಿ." ಲಕ್ಷ್ಮಿಯ ಕಣ್ಣು ತೇವವಾಗಿತ್ತು. "ಆದ್ರೆ ಇವತ್ತು ಹೇಳದೇ ಹೋದ್ರೆ ನಾಳೆ ಬುಟ್ಟಿ ಅವನ ತಲೆ ಮೇಲಿರ್ತು. ಹೇಳಿಬಿಡಿ. ಮೆತ್ತಗೆ ಹೇಳಿ."

ಇಬ್ಬರೂ ಜಗಲಿಗೆ ಬಂದರು. ಪುಟ್ಟಪ್ಪ ಅಕ್ಕನ ಪಕ್ಕ ಕೂತು ಹಿಟ್ಟಿನ ಬಟ್ಟಲು ಹಿಡಿದುಕೊಂಡಿದ್ದ. ಅವಳು ಎಳೆಯುವ ಗೆರೆಯನ್ನು ಎಷ್ಟು ಆಸೆಯಿಂದ ನೋಡುತ್ತಿದ್ದನೆಂದರೆ, ನಾರಾಯಣಮೂರ್ತಿಗಳಿಗೆ ಒಂದು ಗಳಿಗೆ ವಾಪಸು ಸಾಗರಕ್ಕೆ ಹೋಗಿಬಿಡೋಣ ಅನ್ನಿಸಿತು.

"ಪುಟ್ಟಪ್ಪ," ಎಂದರು. "ವಿಮಾನದಲ್ಲಿ ಕೂತಾಗ ಸೂರ್ಯ ಎಲ್ಲಿದ್ದ? ಮುಂದೋ, ಹಿಂದೋ?"

"ಮಧ್ಯಾಹ್ನದ ಮೇಲೆಲ್ಲ ಮುಂದೇನೇ ಇದ್ದ ಭಟ್ರೇ. ನಾವು ಅವನ ಬೆನ್ನು ಹತ್ತಿ ಹೋದಹಂಗೆ."

"ಮಧ್ಯಾಹ್ನದ ಮೇಲೆ ಸೂರ್ಯ ಯಾವ ದಿಕ್ಕಿಗೆ ಹೋಗ್ತಾನಪ್ಪ?"

"ಪಡುವಲಿಗೆ."

"ನಿಟ್ಟೂರು ಲಂಡನ್ನಿಗೆ ಯಾವ ದಿಕ್ಕಲ್ಲಿದೆ?"

"ಮೂಡ..." ಎಂದ ಪುಟ್ಟಪ್ಪ. ಹಿಟ್ಟಿನ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ.

ನಾರಾಯಣಮೂರ್ತಿಗಳು ಮಳೆಯ ಮಾತನ್ನೂ ರಾತ್ರಿಯ ಮಾತನ್ನೂ ಹೇಳಿದರು. ಹೆಂಡತಿ ಹೇಳಿದಷ್ಟು ಚಂದವಾಗಿ ಬರಲಿಲ್ಲ, ಆದರೂ ಎಲ್ಲರಿಗೂ ಅರ್ಥವಾಯಿತು. ಲಂಡನ್ನಿನಿಂದ ಬಂದವನಿಗೆ ದಾರಿಯಲ್ಲೇ ಕತ್ತಲಾಗಬೇಕಿತ್ತು. ಇವನಿಗೆ ಆಗಲಿಲ್ಲ. ಆದ್ದರಿಂದ ಇವನು ಬಂದೇ ಇಲ್ಲ.

"ಹೇಳ್ಲಿಲ್ವಾ ನಾನು!" ಹುಲಿಯಪ್ಪ ಹಾರಿ ಬಂದು ಅವನ ಅಂಗಿಯ ಕುತ್ತಿಗೆಗೆ ಕೈಹಾಕಿದ. "ಕಳ್ಳ! ಯಾವೂರು ನಿಂದು?"

"ಹುಲಿಯಪ್ಪಾ, ಕೈ ಬಿಡು," ಎಂದಳು ಹಾಲಮ್ಮ.

"ಅಕ್ಕಾ, ಇವ..."

"ಬಿಡು ಅಂದೆ."

ಹುಲಿಯಪ್ಪ ಬಿಟ್ಟ. ಹಾಲಮ್ಮ ಕುಂಚವನ್ನು ಬುಟ್ಟಿಯ ಅಂಚಿಗೆ ಒರಗಿಸಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಎಂಟು ದಿನದಿಂದ ಅವಳಲ್ಲಿ ಉಕ್ಕುತ್ತಿದ್ದ ಗೆಲುವೆಲ್ಲ ಎಲ್ಲಿಗೆ ಹೋಯಿತೋ, ನೋಡಲು ಕಷ್ಟವಾಗುತ್ತಿತ್ತು.

ಪುಟ್ಟಪ್ಪ ಬಗ್ಗಿ ಬೂಟು ಕಳಚಿದ. ಪಾದಗಳು ಸಿಮೆಂಟು ತಿಂದು ಬಿರುಕುಬಿಟ್ಟು ಬೂದಿ ಬಣ್ಣಕ್ಕೆ ತಿರುಗಿದ್ದವು. ಬೆರಳ ಸಂದಿಯಲ್ಲಿ ಹಳೇ ಗಾಯದ ಗುರುತು. ಲಂಡನ್ನಿನಲ್ಲಿ ಓಡಾಡಿದ ಕಾಲು ಅದಲ್ಲ.

"ವಿಮಾನ ಸುಳ್ಳು ಭಟ್ರೇ," ಎಂದ. "ತಮ್ಮ ಸುಳ್ಳಲ್ಲ."

"ಹಂಗಾರೆ ಇಷ್ಟು ವರ್ಷ ಎಲ್ಲಿದ್ದೆ?" ಕೇಳಿದ್ದು ಲಕ್ಷ್ಮಿ.

"ಮೊದ್ಲು ಶಿವಮೊಗ್ಗದಲ್ಲಿ ಹೋಟ್ಲಲ್ಲಿ ತಟ್ಟೆ ತೊಳೆದೆ. ಆಮೇಲೆ ಲಕ್ಕವಳ್ಳಿ ಡ್ಯಾಮು. ಅದು ಮುಗಿದ್ಮೇಲೆ ಲಿಂಗನಮಕ್ಕಿ. ಕಾಂಕ್ರೀಟ್ ಕಲಸ್ತಿದ್ದೆ. ಕಡೆಕಡೆಗೆ ಶ್ಯಾಮರಾಯರು ಅಂತ ಇಂಜಿನಿಯರು, ಅವರ ಅಳತೆ ಕೋಲು ಹೊರ್ತಿದ್ದೆ. ಅವರು ಟ್ರೈನಿಂಗಿಗೆ ಲಂಡನ್ನಿಗೆ ಹೋಗಿಬಂದವರು. ಜೀಪಲ್ಲಿ ಹೋಗ್ತಾ ಯಾವಾಗ್ಲೂ ಅದೇ ಮಾತು. ನಾನು ಹಿಂದೆ ಕೂತು ಕೇಳ್ತಿದ್ದೆ."

"ಅವರು ಹೋಗಿದ್ದನ್ನ ಮಾತ್ರ ಹೇಳಿದ್ರೋ?"

"ಹೂಂ ಅಮ್ಮ. ಬರೋವಾಗ ಪೂರ್ತಿ ನಿದ್ದೆ ಮಾಡಿಬಿಟ್ರಂತೆ."

ಲಕ್ಷ್ಮಿಗೆ ಅಂಥ ಹೊತ್ತಿನಲ್ಲೂ ನಗು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದರು.

ಹಾಲಮ್ಮ ನಗಲಿಲ್ಲ. "ಭಟ್ರೇ, ಲಿಂಗನಮಕ್ಕಿ ಇಲ್ಲಿಂದ ಎಷ್ಟು ದೂರ?"

"ಬಸ್ಸಲ್ಲಿ ಅರ್ಧ ದಿನದ ದಾರಿ. ಅದೂ ಇಲ್ಲ."

"ಲಂಡನ್ನಿಂದ ಒಂದು ಹಗಲಲ್ಲಿ ಬರ್ತಾರಂತೆ. ಅರ್ಧ ದಿನದ ದಾರೀಲಿ ಕೂತು ಇವಂಗೆ ಒಂದು ಸಲ ಬರಕ್ಕಾಗ್ಲಿಲ್ವಾ?"

"ಬಂದಿದ್ದೆ ಅಕ್ಕಾ. ಹೊಸನಗರದವರೆಗೂ ಎಷ್ಟು ಸಲ ಬಂದೆ. ಈ ಕಾಲು ಹೊತ್ಕಂಡು ಹೆಂಗೆ ಬರದು ಅಂತ ಬಸ್ ಸ್ಟ್ಯಾಂಡಿಂದ್ಲೇ ವಾಪಸ್ ಹೋದೆ."

"ನಂಬ್ಬೇಡ ಅಕ್ಕಾ!" ಹುಲಿಯಪ್ಪ ಮತ್ತೆ ನುಗ್ಗಿದ. "ಒಂದು ಸುಳ್ಳು ಸಿಕ್ತು ಅಂತ ಇನ್ನೊಂದು ಹೊಸೀತಿದಾನೆ."

ಮಾತು ಸರಿಯಾದದ್ದೇ. ನಾರಾಯಣಮೂರ್ತಿಗಳೂ ಅದನ್ನೇ ಯೋಚಿಸುತ್ತಿದ್ದರು. ವಿಮಾನದ ಕಥೆ ಕದ್ದವನು ತಮ್ಮನ ಕಥೆಯನ್ನೂ ಕದ್ದಿರಬಾರದೇಕೆ?

ಹಾಲಮ್ಮ ಎದ್ದು ನಿಂತಳು. ನೇರವಾಗಿ ಪುಟ್ಟಪ್ಪನ ಮುಂದೆ ಬಂದಳು. ಅವಳು ಅವನ ಭುಜಕ್ಕೂ ಬರುತ್ತಿರಲಿಲ್ಲ, ಆದರೂ ಅವನೇ ಕುಗ್ಗಿದ.

"ನಿನ್ನ ಒಂದು ಮಾತು ಕೇಳ್ಬೇಕು ಅಂತ ಎಂಟು ದಿನದಿಂದ ನಾಲಗೆ ತುದೀಲಿ ಇಟ್ಕಂಡಿದೀನಿ. ಕೇಳ್ಲಿಲ್ಲ. ಯಾಕೆ ಗೊತ್ತಾ? ನೀ ಎಲ್ಲಾರೂ ತಪ್ಪು ಹೇಳ್ಬಿಟ್ರೆ ಅಂತ ಹೆದ್ರಿಕೆ."

ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಅವತ್ತು ತೀರ್ಥಳ್ಳಿ ಪೇಟೇಲಿ ನಾನು ನಿನ್ನ ಏನು ತರಕ್ಕೆ ಕಳಿಸಿದ್ದೆ?"

ಹುಲಿಯಪ್ಪ ಕಣ್ಣು ಪಿಳಿಪಿಳಿ ಬಿಟ್ಟ. ಜನಸಂದಣಿಯಲ್ಲಿ ಹುಡುಗ ಕಳೆದುಹೋದ ಎಂದಷ್ಟೇ ಅವನಿಗೂ ಊರಿಗೂ ಗೊತ್ತಿದ್ದದ್ದು. ಏನನ್ನೋ ತರಲು ಹೋಗಿದ್ದ ಅನ್ನುವುದನ್ನು ಹಾಲಮ್ಮ ಯಾರಿಗೂ ಹೇಳಿರಲಿಲ್ಲ.

ಪುಟ್ಟಪ್ಪನ ಕಣ್ಣು ನಡುಗಂಬದ ಕಡೆಗೆ ಹೋಯಿತು. ಅಲ್ಲೇ ನಿಂತಿತು.

"ಲಾಟೀನಿಗೆ ಗಾಜು."

ಹಾಲಮ್ಮ ಕಂಬ ಹಿಡಿದುಕೊಂಡಳು.

"ಕೈ ಜಾರಿ ಬಿತ್ತು ಅಕ್ಕಾ. ಚೂರು ಆರಿಸ್ತಾ ಕೂತಿದ್ದೆ. ಎಲ್ಲಾ ಕೂಡಿಸಿ ಅಂಟಿಸಬಹುದೇನೋ ಅಂತ. ಅಷ್ಟೊತ್ತಿಗೆ ನೀ ದೂರದಲ್ಲಿ ಬರದು ಕಾಣ್ತು. ಬೈತಾಳೆ ಅಂತ ಎದುರಿಗಿದ್ದ ಬಸ್ಸು ಹತ್ತಿ ಸೀಟಿನ ಕೆಳಗೆ ಅಡಗಿಕೊಂಡೆ. ಅದು ಹೊರಟೇಬಿಡ್ತು."

"ನಾ ಬೈತಿರ್ಲಿಲ್ವೋ!" ಹಾಲಮ್ಮ ತಡೆದಿಟ್ಟಿದ್ದ ಅಳು ಒಮ್ಮೆಲೇ ಒಡೆಯಿತು. "ಒಂದು ಗಾಜಿಗೆ ಯಾರಾದ್ರೂ ಬೈತಾರೇನೋ? ಚೂರು ನೋಡ್ದೆ ಕಣೋ, ಬಸ್ ಸ್ಟ್ಯಾಂಡಲ್ಲಿ ಒಟ್ಟು ಮಾಡಿಟ್ಟಿದ್ದು ನೋಡ್ದೆ. ಹುಡುಗ ನಂಗೆ ಹೆದ್ರಿ ಓಡಿಹೋದ ಅಂತ ಊರಿಗೆ ಯಾವ ಬಾಯಲ್ಲಿ ಹೇಳದು? ಅದಕ್ಕೇ ಯಾರಿಗೂ ಹೇಳ್ಲಿಲ್ಲ. ಆ ಲಾಟೀನಿಗೆ ಬೇರೆ ಗಾಜೂ ಹಾಕ್ಸಲಿಲ್ಲ. ನೀನೇ ತರ್ಬೇಕು ಅಂತ..."

ಅವಳು ಅವನ ಎದೆಗೆ ಒಂದು ಗುದ್ದು ಕೊಟ್ಟಳು, ಮತ್ತೊಂದು ಕೊಟ್ಟಳು, ಮೂರನೆಯದಕ್ಕೆ ಅಲ್ಲೇ ಮುಖವಿಟ್ಟು ಅತ್ತಳು. ಅವಳ ಕೈಯ ಬಿಳಿ ಹಿಟ್ಟು ಅವನ ಅಂಗಿಗೆಲ್ಲ ಮೆತ್ತಿತು.

ಲಕ್ಷ್ಮಿ ಅಳುವುದನ್ನು ಬಚ್ಚಿಡಲಿಲ್ಲ. ನಾರಾಯಣಮೂರ್ತಿಗಳು ಬಚ್ಚಿಡಲು ಹೋಗಿ ಕನ್ನಡಕ ಬೀಳಿಸಿಕೊಂಡರು. ಹುಲಿಯಪ್ಪ ಮಾತ್ರ ಏನು ಮಾಡುವುದೆಂದು ತಿಳಿಯದೆ ನಿಂತವನು, ಕೊನೆಗೆ ಬುಟ್ಟಿಯನ್ನು ಎತ್ತಿ ತಂದು ಪುಟ್ಟಪ್ಪನ ಕಾಲ ಬಳಿ ಇಟ್ಟ.

"ತಗಳಪ್ಪ. ಕೊಟ್ಟ ಮಾತು." ಎಂದ. "ಬೆಳಗ್ಗೆ ಇಬ್ಬನಿ ಜಾಸ್ತಿ, ಬದು ಜಾರ್ತದೆ. ನೋಡಿ ಕಾಲಿಡು."

ಪತ್ತೇದಾರಿಕೆ ಇಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಕಾಫಿ ಕುಡಿದು ಕಾರು ಹತ್ತುತ್ತಿದ್ದರು. ನಾರಾಯಣಮೂರ್ತಿಗಳಿಗೆ ಒಂದು ಕೆಟ್ಟ ಅಭ್ಯಾಸ, ಊಟವಾದ ಮೇಲೂ ಹಲ್ಲಿನ ಸಂದಿಯ ಅಡಿಕೆ ಚೂರನ್ನು ನಾಲಗೆಯಲ್ಲಿ ಹುಡುಕುತ್ತಲೇ ಇರುವುದು.

"ಒಂದೇ ಒಂದು ಮಾತು ಪುಟ್ಟಪ್ಪ. ಹತ್ತು ಹನ್ನೆರಡು ದಿನದ ಹಿಂದೆ ಹಾಲಮ್ಮನಿಗೆ ಲಂಡನ್ನಿಂದ ತಂತಿ ಬಂತಲ್ಲ, 'ಹುಣ್ಣಿಮೆಗೆ ವಿಮಾನದಲ್ಲಿ ಬರುತ್ತೇನೆ, ಪುಟ್ಟಪ್ಪ' ಅಂತ. ಅಲ್ಲಿಂದ ಯಾರ ಕೈಲಿ ಕಳಿಸಿದೆ? ಶ್ಯಾಮರಾಯರ ಸ್ನೇಹಿತರು ಯಾರಾದ್ರೂ ಇದ್ರಾ?"

ಪುಟ್ಟಪ್ಪ ತಲೆ ಎತ್ತಿದ. "ತಂತಿ ನಾನು ಕಳಿಸಿದ್ದಲ್ಲ ಭಟ್ರೇ."

"ಹಾಂ?"

"ಆ ತಂತಿ ಸುದ್ದಿ ಕೇಳೇ ನಾನು ಓಡಿಬಂದಿದ್ದು. ಹೊಸನಗರದ ಬಸ್ ಸ್ಟ್ಯಾಂಡಲ್ಲಿ ಜನ ಮಾತಾಡ್ಕಳ್ತಿದ್ರು, ನಿಟ್ಟೂರು ಹಾಲಮ್ಮನ ತಮ್ಮ ಸಿಕ್ಕಿದಾನಂತೆ, ಲಂಡನ್ನಿಂದ ಬರ್ತಾನಂತೆ ಅಂತ. ನಾನು ಇಲ್ಲಿದೀನಿ, ನನ್ನ ಹೆಸರಲ್ಲಿ ಇನ್ಯಾವನೋ ಬಂದು ಅಕ್ಕಂಗೆ ಮೋಸ ಮಾಡ್ತಾನೆ ಅಂತ, ಅವನಿಗಿಂತ ಮುಂಚೆ ಬಂದೆ. ಊರೆಲ್ಲ ಲಂಡನ್ ತಮ್ಮನ ಕಾಯ್ತಿತ್ತು. ಸಿಮೆಂಟು ಕಾಲಿನ ತಮ್ಮನ್ನ ಯಾರು ನಂಬ್ತಾರೆ? ಬೂಟು ಕೊಂಡ್ಕಂಡೆ."

ಹಾಲಮ್ಮ ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಯಾರೇ ಬರ್ಲಿ. ಗಾಜಿನ ವಿಷ್ಯ ಈ ಭೂಮಿ ಮೇಲೆ ಗೊತ್ತಿರದು ನಂಗೂ ನನ್ನ ತಮ್ಮಂಗೂ ಇಬ್ಬರಿಗೇಯ. ಇನ್ನು ನಂಗೆ ಹೆದ್ರಿಕೆ ಇಲ್ಲ."

ಆಗ ಅಂಗಳದ ಆಚೆ ಕಾರಿನ ಸದ್ದು ಕೇಳಿಸಿತು.

ಬೇಲಿಯ ದಣಪೆ ಬಾಗಿಲ ಹತ್ತಿರ ಶಿವಮೊಗ್ಗದ ಟ್ಯಾಕ್ಸಿ ನಿಂತಿತು. ಇಳಿದವನಿಗೆ ಮೂವತ್ತರ ಆಸುಪಾಸು. ಕೋಟು ಸುಕ್ಕುಗಟ್ಟಿತ್ತು, ಹೆಗಲಿಗೆ ವಿಮಾನ ಕಂಪನಿಯ ಹೆಸರು ಬರೆದ ನೀಲಿ ಚೀಲ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಎರಡೂ ಕೈಯಲ್ಲಿ ಹುಲ್ಲು ಸುತ್ತಿದ ಏನನ್ನೋ ಹಸುಗೂಸಿನ ಹಾಗೆ ಹಿಡಿದುಕೊಂಡಿದ್ದ.

ಅವನು ಮೆಟ್ಟಿಲ ಕೆಳಗೇ ಬೂಟು ಕಳಚಿಟ್ಟ. "ಅಕ್ಕಾ," ಎಂದ. ಅಷ್ಟಕ್ಕೇ ಅವನ ಧ್ವನಿ ಒಡೆಯಿತು.

ಅವನು ಜಗಲಿ ಹತ್ತಿ, ಯಾರನ್ನೂ ಕೇಳದೆ ನಡುಗಂಬದ ಹತ್ತಿರ ಹೋದ. ಹುಲ್ಲು ಬಿಚ್ಚಿದ. ಒಳಗಿದ್ದದ್ದು ಲಾಟೀನಿನ ಗಾಜು.

"ತಡ ಆಯ್ತು. ತೀರ್ಥಳ್ಳಿಲಿ ಇಳಿದು ಬಂದೆ. ಅದೇ ಅಂಗಡಿ ಇನ್ನೂ ಇದೆ ಅಕ್ಕಾ." ಲಾಟೀನಿನ ತಂತಿ ಎತ್ತಿ ಗಾಜನ್ನು ಕೂರಿಸಿದ. ಅದು ಸರಿಯಾಗಿ ಕೂತಿತು. "ಈ ಸಲ ಒಡೀಲಿಲ್ಲ ನೋಡು. ನಾಲ್ಕು ದಿನದಿಂದ ಸರಿ ನಿದ್ದೆ ಇಲ್ಲ. ಆ ವಿಮಾನದಲ್ಲಿ ಮಧ್ಯಾಹ್ನದ ಊಟ ಮುಗಿಸಿ ಕಣ್ಣು ಮುಚ್ಚೋಣ ಅನ್ನೋದ್ರೊಳಗೆ ಕತ್ತಲೇ ಆಗೋಯ್ತು."

ನಾರಾಯಣಮೂರ್ತಿಗಳು ಹೆಂಡತಿಯ ಮುಖ ನೋಡಿದರು. ಲಕ್ಷ್ಮಿ ಆಗಲೇ ಅವರ ಮುಖ ನೋಡುತ್ತಿದ್ದರು. ಇದು ಬಪ್ಪ ಕಥೆ.

ಹಾಲಮ್ಮನ ಒಂದು ಕೈ ಇನ್ನೂ ಮೊದಲಿನವನ ತೋಳಿನ ಮೇಲಿತ್ತು. ಇನ್ನೊಂದು ಕೈ ಅವಳಿಗೆ ಗೊತ್ತಿಲ್ಲದ ಹಾಗೆ ಮೇಲೆದ್ದು ಆ ಗಾಜನ್ನು ಮುಟ್ಟಿತು. ಇಬ್ಬರಿಗಷ್ಟೇ ಗೊತ್ತಿದ್ದ ಗಾಜಿನ ಗುಟ್ಟು ಈಗ ಮೂವರದಾಗಿತ್ತು.

ಬಂದವನು ಅಳುತ್ತಲೇ ನಕ್ಕ. ಆಮೇಲೆ ಅವಳ ಪಕ್ಕದಲ್ಲಿ ಬರಿಗಾಲಲ್ಲಿ ನಿಂತವನನ್ನೂ, ಅವನ ಕಾಲ ಬಳಿಯಿದ್ದ ಬುಟ್ಟಿಯನ್ನೂ ನೋಡಿದ.

"ಅಕ್ಕಾ, ಇವರು ಯಾರು?"